ಓಪಲ್ ಬ್ರೆಕಿಯ ಖಾಲಿಯಾಗದ ಬಕೆಟ್ಟುಗಳು

ಹಾರ್ಲನ್ ಬ್ರೆಕಿ ಸತ್ತದ್ದು ಬಗ್ಗಿದಾಗ. ಶರತ್ಕಾಲದ ಒಂದು ದಿನ, ಮೊಂಟಾನಾದ ಆಂಟ್ಲರ್ ಫ್ಲ್ಯಾಟ್ ಎಂಬ ಊರಿನ ಕೋವಿ ಕ್ಲಬ್ಬಿನ ಮೈದಾನದಲ್ಲಿ ಎಲ್ಲರೂ ಗುಂಡು ಹೊಡೆದು ಮುಗಿಸಿ ಕಾಫಿಯ ಫ್ಲಾಸ್ಕು ತೆರೆಯುತ್ತಿದ್ದರು. ಅವನೊಬ್ಬ ಎಂದಿನಂತೆ ಹುಲ್ಲಿನಲ್ಲಿ ಬಿದ್ದಿದ್ದ ಖಾಲಿ ತೋಟಾಗಳನ್ನು ಆರಿಸುತ್ತಿದ್ದ. ಬಗ್ಗಿದವನು ಮತ್ತೆ ಏಳಲಿಲ್ಲ. ಶವಪೆಟ್ಟಿಗೆಯ ಅಂಗಡಿಯವನು ಅವನ ಜೇಬಿನಲ್ಲಿದ್ದುದನ್ನೆಲ್ಲ ಒಂದು ಕಾಗದದ ಚೀಲಕ್ಕೆ ಹಾಕಿ ಓಪಲ್ ಕೈಗೆ ಕೊಟ್ಟ: ಕನ್ನಡಕ, ಕರವಸ್ತ್ರ, ಅರ್ಧ ಪೊಟ್ಟಣ ಪೆಪ್ಪರ್‌ಮಿಂಟು, ಮಣ್ಣು ಮೆತ್ತಿದ ಒಂದು ಹಿಡಿ ಹಿತ್ತಾಳೆಯ ತೋಟಾ. ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಓಪಲ್ ಕಾರಿನಲ್ಲಿ ಬಹಳ ಹೊತ್ತು ಕೂತಿದ್ದಳು. ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಹೋಗುವಾಗಲೂ ಒಂದು ಹಿಡಿ ಮನೆಗೆ ಸೇರಿಸಿಯೇ ಹೋದನಲ್ಲ ಮಹಾರಾಯ, ಎಂದುಕೊಂಡಳು.

ಏಕೆಂದರೆ ಅವಳ ಗ್ಯಾರೇಜು ಆಗಲೇ ಕಂಠಮಟ್ಟ ತುಂಬಿತ್ತು. ಬಣ್ಣದ ಬಕೆಟ್ಟು, ಉಪ್ಪಿನಕಾಯಿಯ ಬಕೆಟ್ಟು, ಕರುಗಳಿಗೆ ನೀರಿಡುವ ತಗಡಿನ ತೊಟ್ಟಿ, ಎಲ್ಲದರಲ್ಲೂ ಮಸಿ ಹಿಡಿದ ಖಾಲಿ ತೋಟಾಗಳೇ. ಊರಿನ ಅರ್ಧ ಗಂಡಸರು ತಮ್ಮ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುವವರು. ಹೊಡೆದ ಮೇಲೆ ಉಳಿಯುವ ಹಿತ್ತಾಳೆಯ ಕೋಶವನ್ನು ತಂದು, ತೊಳೆದು, ಉಜ್ಜಿ, ತಳದಲ್ಲಿ ಕಿಡಿ ಹಚ್ಚುವ ಹೊಸ ಕೇಪು ಕೂರಿಸಿ, ಮದ್ದು ಹಾಕಿ, ಗುಂಡು ಒತ್ತಿದರೆ ಮತ್ತೊಮ್ಮೆ ಹೊಡೆಯಬಹುದು. ಈ ಕೆಲಸಗಳಲ್ಲಿ ಹಾರ್ಲನ್ನನಿಗೆ ನಿಜವಾದ ಪ್ರೀತಿ ಇದ್ದದ್ದು ಮೊದಲನೆಯದರ ಮೇಲೆ, ಅಂದರೆ ತರುವುದರ ಮೇಲೆ. ತರುವ ವೇಗಕ್ಕೆ ತೊಳೆಯುವ ವೇಗ ಎಂದೂ ಸರಿಹೊಂದಲಿಲ್ಲ. ಮದುವೆಯಾದ ಮೇಲೆ ಒಂದೇ ಒಂದು ಚಳಿಗಾಲದಲ್ಲೂ ಓಪಲ್ಲಳ ಕಾರು ಗ್ಯಾರೇಜಿನೊಳಗೆ ನಿಂತದ್ದಿಲ್ಲ. ಬೆಳಗಾದರೆ ಅವಳು ಗಾಜಿನ ಮೇಲಿನ ಮಂಜು ಕೆರೆಯುತ್ತ ಹೊರಗೆ ನಡುಗುವುದು, ಒಳಗೆ ಹಿತ್ತಾಳೆ ಬೆಚ್ಚಗಿರುವುದು.

ಜತೆಗೆ ಆ ಅದುರು ಬೋಗುಣಿ. ಜೋಳದ ದಿಂಡಿನ ತರಿಯನ್ನೂ ಕೊಳಕು ತೋಟಾಗಳನ್ನೂ ಒಟ್ಟಿಗೆ ಹಾಕಿ ಗುಂಡಿ ಒತ್ತಿದರೆ, ಹಗಲೂ ರಾತ್ರಿ ಗರಗರ ಎಂದು ಅದುರುತ್ತ ಉಜ್ಜುವ ಯಂತ್ರ ಅದು. ಅದರ ಸದ್ದಿಗೆ ಅಡಿಗೆಮನೆಯ ಚಮಚಗಳು ಡ್ರಾಯರಿನೊಳಗೇ ಜಾಗ ಬದಲಾಯಿಸುತ್ತಿದ್ದವು. ನಿಲ್ಲಿಸು ಎಂದು ಓಪಲ್ ಅದೆಷ್ಟು ವರ್ಷ ಕೂಗಿದಳೋ. ಈಗ ನಿಂತಿತ್ತು. ನಿಂತ ಮೇಲೆ ಮನೆಯಲ್ಲಿ ನಿದ್ದೆಯೇ ಬಾರದಾಯಿತು.

ಆ ಚಳಿಗಾಲವನ್ನು ಹೇಗೋ ತಳ್ಳಿ, ಹಿಮ ಕರಗಿದ ಕೂಡಲೇ ಅವಳು ಗುಜರಿಯವನಿಗೆ ಫೋನು ಮಾಡಿದಳು. ಒಳಗೆ ಎಲ್ಲಾದರೂ ಇನ್ನೂ ಹೊಡೆಯದ ಜೀವಂತ ತೋಟಾ ಸೇರಿಕೊಂಡಿದ್ದರೆ ತನ್ನ ಒತ್ತುಯಂತ್ರದ ಜತೆ ತಾನೂ ಹಾರಿಹೋಗಬೇಕಾಗುತ್ತದೆ, ಬೇಡ ತಾಯಿ ಎಂದುಬಿಟ್ಟ ಅವನು. ಅವನು ಅಷ್ಟಕ್ಕೇ ಸುಮ್ಮನಿರದೆ ಹೋಟೆಲಿನಲ್ಲಿ ಹೇಳಿದ. ಮರುದಿನವೇ ಗೇಲೆನ್ ಸಂಡ್‌ಬಿ ಬಂದಿಳಿದ.

ಗೇಲೆನ್ ಕ್ಲಬ್ಬಿನ ಅಧ್ಯಕ್ಷ. ಎತ್ತರದ ಆಳು, ಮಾತು ಅದಕ್ಕಿಂತ ಎತ್ತರ. ಬೇಸಿಗೆಯಲ್ಲೂ ದೊಡ್ಡ ಜೇಬಿನ ಕ್ಯಾನ್‌ವಾಸ್ ಕೋಟು ಬಿಚ್ಚದವನು. ಗ್ಯಾರೇಜಿನ ಬಾಗಿಲಲ್ಲಿ ನಿಂತು ಟೋಪಿ ತೆಗೆದ. ಸತ್ತವನಿಗಾಗಿಯೋ ಬಕೆಟ್ಟುಗಳಿಗಾಗಿಯೋ ಓಪಲ್ಲಳಿಗೆ ತಿಳಿಯಲಿಲ್ಲ. ಇದು ಗುಜರಿಯಲ್ಲ, ಹಾರ್ಲನ್ನನ ಜೀವಮಾನ ಎಂದ. ಈಗ ಯಾವ ಕಂಪನಿಯೂ ಮಾಡದ ಹಳೇ ಕೋವಿಗಳ ಹಿತ್ತಾಳೆ ಇದರಲ್ಲಿದೆ ಎಂದ. ತೊಳೆದು, ಗಾತ್ರ ಗಾತ್ರವಾಗಿ ವಿಂಗಡಿಸಿ ಕೊಟ್ಟರೆ ಶರತ್ಕಾಲದ ಸ್ಪರ್ಧೆಯ ಹೊತ್ತಿಗೆ ಕ್ಲಬ್ಬಿನವರು ಅಷ್ಟನ್ನೂ ಎತ್ತಿಕೊಂಡು ಹೋಗುತ್ತಾರೆ, ಕೊಳಕನ್ನು ಮಾತ್ರ ಯಾರೂ ಮುಟ್ಟುವುದಿಲ್ಲ ಎಂದ. ತೊಳೆಯುವುದನ್ನು ತಾನೇ ಕಲಿಸುವುದಾಗಿ ಹೇಳಿ ಹೋಗಿ, ತಿರುಗುವ ಒಂದು ಪೀಪಾಯಿ ತಂದ. ಅದರೊಳಗೆ ನೀರು, ಪಾತ್ರೆ ತೊಳೆಯುವ ಸೋಪು, ಚಿಟಿಕೆ ನಿಂಬೆಹುಳಿ ಪುಡಿ, ಕೂದಲಿನಷ್ಟು ಸಣ್ಣ ಉಕ್ಕಿನ ಕಡ್ಡಿಗಳು. ಒದ್ದೆ ಪದ್ಧತಿಯೊಂದೇ ಪದ್ಧತಿ, ಜೋಳದ ದಿಂಡು ಕೋಳಿಗಳಿಗೆ ಎಂಬುದು ಗೇಲೆನ್ನನ ಮತ.

ಅವನ ಗಾಡಿ ಅಂಗಳ ಬಿಡುವುದಕ್ಕೂ ಆರ್ವಿಲ್ ಪ್ರೂಯಿಟ್ಟನ ಗಾಡಿ ಒಳಗೆ ಬರುವುದಕ್ಕೂ ಸರಿಹೋಯಿತು.

ಆರ್ವಿಲ್ ಗ್ಯಾಸ್ ಕಂಪನಿಯಲ್ಲಿ ಮೀಟರು ಓದುತ್ತಿದ್ದು ನಿವೃತ್ತನಾದವನು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಎಲ್ಲರ ಮನೆಯ ಹಿತ್ತಲನ್ನೂ ಬಲ್ಲ, ಯಾರ ಮನೆಯ ಮುಂಬಾಗಿಲನ್ನೂ ತಟ್ಟಿ ಅಭ್ಯಾಸವಿಲ್ಲದ ಮನುಷ್ಯ. ಈಗಲೂ ಮನೆಯನ್ನು ಸುತ್ತಿ ಹಿಂದಿನಿಂದ ಬಂದು, ಓಪಲ್ ತಿರುಗಿ ನೋಡುವವರೆಗೆ ಟೋಪಿಯನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಮತವೇ ಬೇರೆ. ನೀರು ಸೋಕಿದ ಹಿತ್ತಾಳೆಯನ್ನು ಒಣಗಿಸುವುದೇ ಒಂದು ಗೋಳು, ಒಣ ಪದ್ಧತಿಯೇ ಸರಿ, ಮೊದಲು ಆಕ್ರೋಟಿನ ಚಿಪ್ಪಿನ ಪುಡಿ, ಆಮೇಲೆ ಜೋಳದ ದಿಂಡು. ಇದನ್ನೆಲ್ಲ ಅವನು ಗೇಲೆನ್ನನ ಪೀಪಾಯಿಗೆ ಹೇಳುವಂತೆ ಅದನ್ನೇ ನೋಡುತ್ತ ಹೇಳಿದ. ಕೊನೆಗೆ, ಈ ಧೂಳಿನಲ್ಲಿ ಸೀಸ ಇರುತ್ತದೆ, ಬಾಗಿಲು ತೆರೆದಿಡಿ, ಕೈ ತೊಳೆಯದೆ ಏನೂ ತಿನ್ನಬೇಡಿ, ಅಡಿಗೆಮನೆಗಂತೂ ಇದನ್ನು ಒಯ್ಯಲೇಬೇಡಿ ಎಂದು ಒಂದೇ ಉಸಿರಿಗೆ ಹೇಳಿ, ನಾಳೆ ಬರುತ್ತೇನೆ ಎಂದು ಹೊರಟುಹೋದ. ಅವನನ್ನು ಯಾರೂ ಕರೆದಿರಲಿಲ್ಲ.

ಹೀಗೆ ಓಪಲ್ಲಳ ಗ್ಯಾರೇಜಿನಲ್ಲಿ ಎರಡು ಮತಗಳು ನೆಲೆಯೂರಿದವು. ಬೆಳಿಗ್ಗೆ ಗೇಲೆನ್, ಮಧ್ಯಾಹ್ನ ಆರ್ವಿಲ್. ಬೆಳಿಗ್ಗೆ ಒದ್ದೆ, ಮಧ್ಯಾಹ್ನ ಒಣ. ಒಬ್ಬ ಮುಗಿಸಿಟ್ಟ ಹಿತ್ತಾಳೆಯನ್ನು ಇನ್ನೊಬ್ಬ ಕಿಟಕಿಯ ಬೆಳಕಿಗೆ ಹಿಡಿದು ನಿಟ್ಟುಸಿರುಬಿಡುವುದು. ಆರ್ವಿಲ್ ಮಾಡಿದ್ದರ ಕೇಪಿನ ತೂತಿನಲ್ಲಿ ಜೋಳದ ತರಿ ಸಿಕ್ಕಿದೆ ಎಂದು ಗೇಲೆನ್ ದೂರುತ್ತಿದ್ದ. ಗೇಲೆನ್ ಮಾಡಿದ್ದರ ಕುತ್ತಿಗೆಯಲ್ಲಿ ಉಕ್ಕಿನ ಕಡ್ಡಿ ಸಿಕ್ಕಿದೆ ಎಂದು ಆರ್ವಿಲ್ ತೋರಿಸುತ್ತಿದ್ದ. ಒಮ್ಮೆ ಇಬ್ಬರೂ ಒಂದೇ ಹೊತ್ತಿಗೆ ಬಂದುಬಿಟ್ಟರು. ಗಂಡನ ಸಮಾಧಿಯ ಮುಂದೆಯೂ ಇಷ್ಟು ಗಂಭೀರವಾಗಿ ಯಾರೂ ಮಾತಾಡಿದ್ದನ್ನು ಓಪಲ್ ಕೇಳಿರಲಿಲ್ಲ.

"ಒಳಗಡೆ ನೋಡಪ್ಪ, ಒಳಗಡೆ. ಕನ್ನಡಿ ಥರ ಇದೆ" ಎಂದ ಗೇಲೆನ್, ತೋಟಾ ಒಂದನ್ನು ಆರ್ವಿಲ್ಲನ ಮೂಗಿನ ಕೆಳಗೆ ಹಿಡಿದು.

"ಒಳಗಡೆ ಯಾಕೆ ಕನ್ನಡಿ ಬೇಕು?" ಎಂದ ಆರ್ವಿಲ್. "ಮದ್ದು ಮುಖ ನೋಡ್ಕೊಳ್ಳುತ್ತಾ?"

ಓಪಲ್ ನಗು ತಡೆಯಲು ಪೊರಕೆ ಹಿಡಿದು ಆಚೆ ಹೋಗಬೇಕಾಯಿತು.

ಅವಳೂ ಕಲಿತಳು, ಬೇಡಬೇಡವೆನ್ನುತ್ತಲೇ. ಮೊದಲ ವಾರ ಸೋಪನ್ನು ಅಂದಾಜಿನಲ್ಲಿ ಸುರಿದು, ಪೀಪಾಯಿಯ ಬಾಯಿಂದ ಹೊರಟ ನೊರೆ ಅಂಗಳ ದಾಟಿ ರಸ್ತೆಗಿಳಿದು, ಪಕ್ಕದ ಮನೆಯ ನಾಯಿ ಅದರಲ್ಲಿ ಹೊಕ್ಕು ಕುರಿಮರಿಯಂತೆ ಹೊರಬಂತು. ಇನ್ನೊಂದು ಸಲ ನಿಂಬೆಹುಳಿ ಹೆಚ್ಚಾಗಿ, ಹಿತ್ತಾಳೆಯೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿತು. ಹೆಣ್ಣು ಮಗು ಹುಟ್ಟಿದ ಮನೆಗೆ ಉಡುಗೊರೆ ಕೊಡಬಹುದು ಎಂದು ಅವಳೇ ಅಂದಳು, ಗೇಲೆನ್ ನಗಲಿಲ್ಲ. ಆದರೆ ಬರಬರುತ್ತ ಅವಳ ಕೈಗೆ ಹದ ಹತ್ತಿತು. ಮಸಿ ತಿಂದು ಸತ್ತಂತಿದ್ದ ಒಂದು ಹಿಡಿ ಹಿತ್ತಾಳೆ ಹೊಸ ಬೆಣ್ಣೆಯ ಬಣ್ಣಕ್ಕೆ ತಿರುಗಿ ಬಟ್ಟೆಯ ಮೇಲೆ ಸುರಿದಾಗ ಆಗುವ ಆ ಸಣ್ಣ ಗಿಲಿಗಿಲಿ ಅವಳಿಗೆ ಇಷ್ಟವಾಗತೊಡಗಿತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಹಾರ್ಲನ್ನನ ಹಳೆಯ ಅದುರು ಬೋಗುಣಿಗೆ ತರಿ ತುಂಬಿ ಗುಂಡಿ ಒತ್ತಿದಳು. ಗರಗರ ಸದ್ದು ಗೋಡೆಯನ್ನು ದಾಟಿ ಅಡಿಗೆಮನೆಗೆ ಬಂತು, ಚಮಚಗಳು ಮಾತಾಡಿದವು. ಅವಳು ಕುರ್ಚಿಯಲ್ಲಿ ಒರಗಿದವಳು ಸಂಜೆಯ ತನಕ ಎಚ್ಚರವಿಲ್ಲದೆ ನಿದ್ದೆ ಹೋದಳು. ಎದ್ದಾಗ ಬಾಯಿ ಒಣಗಿತ್ತು, ಮನಸ್ಸು ಹಗುರಾಗಿತ್ತು.

ಇಷ್ಟೆಲ್ಲ ಆದರೂ ಒಂದು ಮಾತ್ರ ಅವಳಿಗೆ ಅರ್ಥವಾಗದೆ ಉಳಿಯಿತು. ಬಕೆಟ್ಟುಗಳು ಇಳಿಯುತ್ತಿರಲಿಲ್ಲ.

ಇಳಿಯಬೇಕಿತ್ತು. ತೊಳೆದದ್ದು ತೊಳೆದಂತೆ ಕಪಾಟು ಸೇರುತ್ತಿತ್ತು. ಅದಲ್ಲದೆ ಗೇಲೆನ್ ಬೇರೆ ಸಹಾಯ ಮಾಡುತ್ತಿದ್ದ, ತನಗೆ ತಾನೇ. ಹೇಗೆಂದರೆ, ಬರುವಾಗ ಅವನ ಕೋಟು ನೆಟ್ಟಗಿರುತ್ತಿತ್ತು, ಹೋಗುವಾಗ ಎರಡು ಜೇಬೂ ಮೊಣಕಾಲಿನ ಕಡೆ ಜೋತು, ನಡೆದರೆ ಕಿಣಿಕಿಣಿ ಎನ್ನುತ್ತಿತ್ತು. ಅಪರೂಪದ ಹಳೇ ತೋಟಾಗಳನ್ನು ಅವನು ಆರಿಸಿ ಆರಿಸಿ ಒಯ್ಯುತ್ತಿದ್ದಾನೆಂದು ಓಪಲ್ಲಳಿಗೆ ಎರಡನೆಯ ವಾರದಲ್ಲೇ ತಿಳಿದಿತ್ತು. ತಿಳಿದೂ ಸುಮ್ಮನಿದ್ದಳು. ಅವಳಿಗೆ ಬೇಕಾದ್ದು ಗ್ಯಾರೇಜು ಖಾಲಿಯಾಗುವುದು. ಯಾರ ಜೇಬಿನಲ್ಲಿ ಹೋದರೇನು? ಒಂದು ದಿನ ಅವನ ಜೇಬು ಸಾಕಷ್ಟು ಜೋಲದಿದ್ದಾಗ, ಆ ಮೂಲೆಯ ಬಕೆಟ್ಟು ನೋಡಿದೆಯಾ ಎಂದು ಅವಳೇ ಕೇಳಿದ್ದುಂಟು. ಇಷ್ಟು ಪ್ರಾಮಾಣಿಕವಾಗಿ ಕದಿಯುವವನೊಬ್ಬ ಇರುವಾಗ ಹಿತ್ತಾಳೆ ಕಡಿಮೆಯಾಗಲೇಬೇಕಲ್ಲ. ಆದರೆ ಸೋಮವಾರ ಅರ್ಧಕ್ಕಿಳಿದ ಬಕೆಟ್ಟು ಗುರುವಾರ ಮತ್ತೆ ಕುತ್ತಿಗೆಯ ತನಕ ಬಂದಿರುತ್ತಿತ್ತು. ತನಗೆ ಅರಳುಮರಳು ಹಿಡಿಯಿತೋ, ಇಲ್ಲ ಹಾರ್ಲನ್ ಅಲ್ಲಿಂದಲೂ ಆರಿಸಿ ಕಳಿಸುತ್ತಿದ್ದಾನೋ ಎಂದು ಅವಳಿಗೆ ದಿಗಿಲಾಯಿತು. ಎರಡನೆಯದು ಅವನ ಸ್ವಭಾವಕ್ಕೆ ಹೊಂದುವಂಥದ್ದೇ.

ಈ ಅನುಮಾನವನ್ನು ಅವಳು ಹೇಳಿಕೊಂಡದ್ದು ಅತ್ತಿಗೆ ವರ್ನಾಳ ಹತ್ತಿರ. ವರ್ನಾ ಹಾರ್ಲನ್ನನ ಅಕ್ಕ, ಚರ್ಚಿನ ಅಡಿಗೆಮನೆಯ ಸರ್ವಾಧಿಕಾರಿ, ಯಾರ ಮನೆಗೆ ಹೋದರೂ ಮೊದಲು ಒಲೆ ಹಚ್ಚಿ ಆಮೇಲೆ ಕ್ಷೇಮ ಕೇಳುವವಳು.

"ನಿನಗೆ ಏನೂ ಆಗಿಲ್ಲ ಕಣೇ" ಎಂದಳು ವರ್ನಾ. "ನೀನು ಗಂಡಸರ ಜತೆ ಜಾಸ್ತಿ ಕೂತಿದ್ದೀಯ, ಅಷ್ಟೆ. ಅವರು ಮಾಡೋ ಕೆಲಸ ಯಾವತ್ತಾದ್ರೂ ಮುಗಿದಿದ್ದುಂಟಾ?"

ಆಗಸ್ಟಿನ ಕೊನೆಯಲ್ಲಿ ಜಡಿಮಳೆ ಹಿಡಿಯಿತು. ಆ ದಿನ ಬೆಳಿಗ್ಗೆ ಗೇಲೆನ್ ತಾನೇ ಕೂತು ತೊಟ್ಟಿಯ ಪಕ್ಕದ ಬಕೆಟ್ಟಿನಲ್ಲಿ ಕೈಯಾಡಿಸಿ ನೋಡಿ, ಇದರಲ್ಲಿ ಒಂದೂ ಜೀವಂತ ತೋಟಾ ಇಲ್ಲ, ನನ್ನ ಮಾತು ಎಂದು ಹೇಳಿ ಹೋಗಿದ್ದ. ಮಧ್ಯಾಹ್ನ ಆರ್ವಿಲ್ ಬಂದು, ಮಳೆಯಲ್ಲಿ ತೊಯ್ದು, ಸ್ವಲ್ಪ ಹೊತ್ತು ಗ್ಯಾರೇಜಿನಲ್ಲಿದ್ದು ಹೋಗಿದ್ದ. ಆಮೇಲೆ ಓಪಲ್ ಆ ಬಕೆಟ್ಟನ್ನೇ ಪೀಪಾಯಿಗೆ ಸುರಿದು ತೊಳೆದಳು. ಬಿಸಿನೀರಿನ ಆವಿಗೆ ಅವಳ ಕನ್ನಡಕ ಮಂಜಾಗಿತ್ತು. ಹೊರಗೆ ಬಿಸಿಲಿಲ್ಲ, ಒಣಗಿಸುವುದೆಲ್ಲಿ? ಗೇಲೆನ್ ತನ್ನ ಮನೆಯಲ್ಲಿ ಓವನ್ನಿನಲ್ಲೇ ಒಣಗಿಸುತ್ತೇನೆ ಎಂದಿದ್ದ. ಆರ್ವಿಲ್ ಅಡಿಗೆಮನೆ ಬೇಡ ಎಂದಿದ್ದ. ಅವಳು ಇಬ್ಬರ ಮಾತನ್ನೂ ಅರ್ಧರ್ಧ ಉಳಿಸಿದಳು. ಹಳೆಯ ತಟ್ಟೆಯ ಮೇಲೆ ಹಿತ್ತಾಳೆ ಹರಡಿ ಓವನ್ನಿನೊಳಗಿಟ್ಟಳು, ಆದರೆ ಉರಿ ಹಚ್ಚಲಿಲ್ಲ. ಮಧ್ಯಾಹ್ನದ ರೊಟ್ಟಿಯ ಬಿಸಿ ಅದರಲ್ಲಿ ಇನ್ನೂ ಇತ್ತು, ಅಷ್ಟೇ ಸಾಕು. ಕೈ ತೊಳೆದು, ಬಟ್ಟೆ ಬದಲಾಯಿಸಲು ಮಹಡಿಗೆ ಹೋದಳು.

ಅಷ್ಟರಲ್ಲಿ ವರ್ನಾ ಆಲೂಗಡ್ಡೆ, ಕೊಚ್ಚಿದ ಮಾಂಸ, ಮೇಲೆ ಚೀಸು ಹಾಕಿದ ದೊಡ್ಡ ಪಾತ್ರೆಯೊಂದನ್ನು ಹಿಡಿದು ಒಳಗೆ ಬಂದಳು. ಬಂದವಳು ಅಭ್ಯಾಸದಂತೆ, ಒಳಗೆ ನೋಡದೆ, ಓವನ್ನಿನ ತಿರುಪನ್ನು ತುತ್ತತುದಿಗೆ ತಿರುಗಿಸಿ, ಪಾತ್ರೆಯನ್ನು ಮೇಲಿಟ್ಟು, ಮೇಜಿನ ಹತ್ತಿರ ಕೂತು ಹಳೆಯ ಪತ್ರಿಕೆ ತಿರುವಿದಳು.

ಮಹಡಿಯ ಮೇಲೆ ಒಂದು ತೋಳು ಹಾಕಿ ಇನ್ನೊಂದು ತೋಳು ಹುಡುಕುತ್ತಿದ್ದ ಓಪಲ್ಲಳಿಗೆ ಕೇಳಿಸಿದ್ದು ಒಂದು ಢಂ, ಆಮೇಲೆ ಗಾಜು ಸುರಿಯುವ ಸದ್ದು. ಓಡಿ ಇಳಿದು ನೋಡಿದರೆ ಓವನ್ನಿನ ಬಾಗಿಲಿನ ಗಾಜು ನೆಲದ ಮೇಲಿತ್ತು. ಪಾತ್ರೆ ಬೋರಲು ಬಿದ್ದು ಚೀಸು ಒಲೆಯ ಮೈಮೇಲೆ ನಿಧಾನಕ್ಕೆ ಇಳಿಯುತ್ತಿತ್ತು. ಹೊಗೆಯ ನಡುವೆ ವರ್ನಾ ಕಾಣಲಿಲ್ಲ. ಓಪಲ್ ಹೆಸರು ಹಿಡಿದು ಕೂಗಿದಳು. ಆಮೇಲೆ ಮೇಜಿನ ಕೆಳಗಿಂದ ದನಿ ಬಂತು.

"ಓಪಲ್, ಓವನ್ನಲ್ಲಿ ಏನಿಟ್ಟಿದ್ದೆ ಅಂತ ಕೇಳ್ತಿಲ್ಲ ನಾನು. ಇನ್ನೂ ಎಷ್ಟಿದೆ ಅಂತ ಹೇಳು ಸಾಕು."

ಓಪಲ್ ಕೈ ಚಾಚಿ ಉರಿ ಆರಿಸಿದಳು. ಇಬ್ಬರೂ ತೆವಳಿಕೊಂಡೇ ಹಿಂಬಾಗಿಲಿನಿಂದ ಹೊರಗೆ ಹೋಗಿ ಮಳೆಯಲ್ಲಿ ನಿಂತರು. ವರ್ನಾಳಿಗೆ ಒಂದು ಗೀರೂ ಆಗಿರಲಿಲ್ಲ, ಕೂದಲಿನಲ್ಲಿ ಒಂದು ಆಲೂಗಡ್ಡೆ ಹೋಳಿತ್ತು ಅಷ್ಟೆ.

ಪಕ್ಕದ ಮನೆಯವರು ಫೋನು ಮಾಡಿದ್ದರಿಂದ ಪೊಲೀಸು ಡೆಪ್ಯುಟಿ ಶೆಲ್ಬಿ ಗಾಡಿಯ ದೀಪ ಮಿನುಗಿಸುತ್ತ ಬಂದಳು. ಅವಳೂ ಕ್ಲಬ್ಬಿನ ಸದಸ್ಯೆಯೇ. ಅವಳ ಹಿಂದೆಯೇ ಗೇಲೆನ್, ಅವನ ಹಿಂದೆ ಆರ್ವಿಲ್. ಊರು ಸಣ್ಣದು, ಸದ್ದು ದೊಡ್ಡದು. ಓವನ್ ತಣ್ಣಗಾಗುವವರೆಗೆ ಎಲ್ಲರೂ ಅಂಗಳದ ಚಾವಣಿಯಡಿ ನಿಂತರು. ಕಾದದ್ದು ಸಾಕೆನಿಸಿದಾಗ ಶೆಲ್ಬಿ ಒಳಗೆ ಹೋಗಿ ಸುಟ್ಟ ತಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ತಂದಳು. ಸಿಡಿದ ತೋಟಾ ಬಾಳೆಹಣ್ಣಿನ ಸಿಪ್ಪೆಯಂತೆ ಸೀಳಿ ತೆರೆದುಕೊಂಡಿತ್ತು. ತಳ ಮಾತ್ರ ಹಾಗೆಯೇ ಇತ್ತು.

ಗೇಲೆನ್ ಮುಖ ಕೆಂಪಾಗಿತ್ತು. ಬೆಳಿಗ್ಗೆ ತಾನು ನೋಡಿದ ಬಕೆಟ್ಟು, ತನ್ನ ಮಾತು, ಅದರಲ್ಲಿ ಜೀವಂತ ತೋಟಾ ಇರಲು ಸಾಧ್ಯವೇ ಇಲ್ಲ ಎಂದು ಯಾರೂ ಕೇಳದೆ ವಾದಿಸುತ್ತಿದ್ದ. ಜೇಬಿನಿಂದ ಭೂತಗನ್ನಡಿ ತೆಗೆದು ಆ ತಳವನ್ನು ಬಗ್ಗಿ ಬಗ್ಗಿ ನೋಡಿದ. ನೋಡುತ್ತ ನೋಡುತ್ತ ಅವನ ಬೆನ್ನು ನೆಟ್ಟಗಾಯಿತು.

"ಇದು ಸ್ವಿಟ್ಜರ್ಲೆಂಡಿನ ಹಳೇ ಸೈನ್ಯದ ಕೋವೀದು" ಎಂದ. "ಇಡೀ ಕೌಂಟಿಯಲ್ಲಿ ಆ ಕೋವಿ ಇರೋದು ಒಬ್ಬನ ಹತ್ರ. ಅವನು ಕೊಂಡಿದ್ದೂ ಹಾರ್ಲನ್ ಮಣ್ಣಾದ ಮೇಲೆ."

ಎಲ್ಲರೂ ಆರ್ವಿಲ್ ಕಡೆ ತಿರುಗಿದರು. ಆರ್ವಿಲ್ ಚಾವಣಿಯಿಂದ ತೊಟ್ಟಿಕ್ಕುವ ನೀರನ್ನು ನೋಡುತ್ತಿದ್ದ. ಅವನ ಗಾಡಿಯ ಹಿಂಬದಿಯಲ್ಲಿ ಟಾರ್ಪಾಲಿನ ಅಡಿ ಒಂದು ಬಕೆಟ್ಟಿನ ಅಂಚು ಕಾಣುತ್ತಿತ್ತು. ಶೆಲ್ಬಿ ಹೋಗಿ ಟಾರ್ಪಾಲು ಎತ್ತಿದಳು. ಬಕೆಟ್ಟಿನ ತುಂಬ ಮಸಿ ಹಿಡಿದ ಹಿತ್ತಾಳೆ.

"ಕದೀತಿದ್ದ ಅಂತೀಯಾ ಗೇಲೆನ್?" ಎಂದು ಕೇಳಿದಳು.

"ಕದೀತಿದ್ರೆ ಅದು ಗ್ಯಾರೇಜಿಂದ ಗಾಡಿಗೆ ಬರಬೇಕಿತ್ತು" ಎಂದ ಗೇಲೆನ್. "ಇದು ಗಾಡಿಯಿಂದ ಗ್ಯಾರೇಜಿಗೆ ಹೋಗಿದೆ."

ಶೆಲ್ಬಿ ಟೋಪಿ ಹಿಂದೆ ಸರಿಸಿದಳು. ಒಯ್ದರೆ ಏನನ್ನಬೇಕು ಎಂಬುದನ್ನು ತನಗೆ ಕಲಿಸಿದ್ದಾರೆ, ತಂದು ಸುರಿದರೆ ಏನನ್ನಬೇಕು ಎಂಬುದನ್ನು ಕಲಿಸಿಲ್ಲ, ಆರ್ವಿಲ್ಲೇ ಹೇಳಲಿ ಎಂದಳು.

ಆರ್ವಿಲ್ ಹೇಳಿದ್ದು ಬಹಳ ನಿಧಾನವಾಗಿ. ವಸಂತದಲ್ಲಿ ಮೊದಲ ಬಕೆಟ್ಟು ಖಾಲಿಯಾದಾಗಲೇ ಅವನಿಗೆ ಹೆದರಿಕೆ ಹತ್ತಿತ್ತು. ತನ್ನ ಗ್ಯಾರೇಜಿನಲ್ಲಿದ್ದ ಹಿತ್ತಾಳೆಯನ್ನು ಸ್ವಲ್ಪ ಸ್ವಲ್ಪವಾಗಿ ತಂದು ಸೇರಿಸತೊಡಗಿದ. ಅದು ಮುಗಿದಾಗ ಪಕ್ಕದ ಊರಿನ ಮೈದಾನದಲ್ಲಿ ಆರಿಸಿ ತಂದ. ಅದೂ ಸಾಲದಾದಾಗ, ಹೊಡೆದರೆ ಹಿತ್ತಾಳೆ ಸಿಗುತ್ತದೆಂದು ಆ ಸ್ವಿಸ್ ಕೋವಿ ಕೊಂಡ. ಭುಜ ನೀಲಿಗಟ್ಟುವಂತೆ ಹೊಡೆದ. ಈ ದಿನ ಮಳೆಯಲ್ಲಿ ಅವಸರವಾಗಿ ಸುರಿಯುವಾಗ ಒಂದು ಹೊಡೆಯದ ತೋಟಾ ಸೇರಿಕೊಂಡದ್ದು ಅವನಿಗೆ ಕಾಣಲಿಲ್ಲ.

"ಯಾಕೆ?" ಎಂದಳು ಓಪಲ್.

"ಮುಗಿದುಹೋಗ್ತಿತ್ತು" ಎಂದ ಆರ್ವಿಲ್. "ಮುಗಿದ್ರೆ ಆಮೇಲೆ ನಾನು ಯಾಕೆ ಬರ್ಲಿ ಇಲ್ಲಿಗೆ?"

ಕೂದಲಿನಿಂದ ಆಲೂಗಡ್ಡೆ ತೆಗೆಯುತ್ತಿದ್ದ ವರ್ನಾ ಅದನ್ನು ಕೈಯಲ್ಲೇ ಹಿಡಿದುಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಅಲ್ಲಯ್ಯ, ನಾನು ಸಾಯ್ತಿದ್ದೆ ಇವತ್ತು. ಎಲ್ಲಾರ ಥರ ಹೂವು ತರೋದಕ್ಕೆ ಏನಾಗಿತ್ತು ನಿನಗೆ?"

"ಹೂವು ತಂದ್ರೆ ಗೊತ್ತಾಗ್ಬಿಡುತ್ತಲ್ಲ" ಎಂದ ಆರ್ವಿಲ್.

ಗೇಲೆನ್ ಹೊಟ್ಟೆ ಹಿಡಿದು ನಗತೊಡಗಿದ. ನಕ್ಕ ರಭಸಕ್ಕೆ ಅವನ ಕೋಟು ಕುಲುಕಿ ಕಿಣಿಕಿಣಿ ಎಂದಿತು. ಶೆಲ್ಬಿಯ ಕಣ್ಣು ಆ ಜೇಬುಗಳ ಮೇಲೆ ನಿಂತಿತು. ಗೇಲೆನ್ ನಗು ನಿಲ್ಲಿಸಿದ. ಕೋಟು ಇನ್ನೂ ಒಂದು ಕ್ಷಣ ಕಿಣಿಗುಟ್ಟಿತು.

"ಅದನ್ನು ಬಿಡು ಶೆಲ್ಬಿ" ಎಂದಳು ಓಪಲ್. "ಅವನು ಒಯ್ಯೋದು ನನಗೆ ಗೊತ್ತು. ನನಗೆ ಬೇಕಾಗಿದ್ದೂ ಅದೇ. ಇವನು ತುಂಬೋದು ಗೊತ್ತಿರಲಿಲ್ಲ ಅಷ್ಟೆ. ಈ ಆರು ತಿಂಗಳು ನಾನು ತೊಳೆದಿದ್ದೆಲ್ಲ ಇವನ ಗ್ಯಾರೇಜಿಂದ ಅವನ ಗ್ಯಾರೇಜಿಗೆ ಹೋಗ್ತಿತ್ತು. ನಾನು ನಡುವೆ ನಲ್ಲಿ."

ಹೇಳಿ ಮುಗಿಸಿದವಳೇ ಎಲ್ಲರನ್ನೂ ಅಲ್ಲೇ ಬಿಟ್ಟು ಗ್ಯಾರೇಜಿನೊಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು ನಕ್ಕಳು. ಆರ್ವಿಲ್ಲನ ನೀಲಿಗಟ್ಟಿದ ಭುಜಕ್ಕೆ ನಕ್ಕಳು, ಮೇಜಿನ ಕೆಳಗಿನ ವರ್ನಾಳಿಗೆ ನಕ್ಕಳು. ಇದನ್ನು ಕೇಳಿದ್ದರೆ ಹಾರ್ಲನ್ ಉಸಿರು ಸಿಗದೆ ಗೋಡೆಗೆ ಒರಗುತ್ತಿದ್ದ ಎಂದು ನೆನಪಾಗಿ ಇನ್ನಷ್ಟು ನಕ್ಕಳು. ಆ ನಗು ಯಾವಾಗ ಅಳುವಾಯಿತೋ ಅವಳಿಗೇ ತಿಳಿಯಲಿಲ್ಲ. ಶರತ್ಕಾಲದಿಂದ ಬಾಕಿ ಉಳಿದಿದ್ದ ಅಳು ಅದು. ಹೊರಗೆ ನಿಂತಿದ್ದವರು ಕಾದರು. ಬಾಗಿಲು ತೆರೆದಾಗ ಅವಳ ಮುಖ ತೊಳೆದಂತಿತ್ತು.

ಆಮೇಲೆ ಅವಳು ಇಬ್ಬರಿಗೂ ಅಪ್ಪಣೆ ಕೊಟ್ಟಳು. ಶನಿವಾರ ಹಾಡಹಗಲಲ್ಲಿ ಗೇಲೆನ್ ತನ್ನ ದೊಡ್ಡ ಗಾಡಿ ತಂದು, ತೊಳೆದದ್ದು ತೊಳೆಯದ್ದು ಅಷ್ಟನ್ನೂ ಒಯ್ಯಬೇಕು. ಗೇಲೆನ್ನನಿಗೆ ಸ್ವರ್ಗ ಸಿಕ್ಕಂತಾಗಬೇಕಿತ್ತು. ಆದರೆ ಕೊಡುತ್ತೇನೆಂದು ಹೇಳಿದ ಕೂಡಲೇ ಅವನ ಮುಖ ಸಪ್ಪಗಾಯಿತು; ಬಗ್ಗಿ ಬಗ್ಗಿ ಆರಿಸುವ ಸುಖ ಹೋಯಿತಲ್ಲ. ಅದೂ ಅಲ್ಲದೆ ಅವನ ಹೆಂಡತಿ ಮಾರ್ವಾ ಶನಿವಾರ ತಾನೇ ಗಾಡಿಯಲ್ಲಿ ಬಂದು ಕೂತಿದ್ದಳು. ಒಂದು ಹಿಡಿ ಹಿತ್ತಾಳೆಯೂ ತನ್ನ ಮನೆಯ ಹೊಸ್ತಿಲು ದಾಟಬಾರದು, ಈಗಾಗಲೇ ಸ್ನಾನದ ತೊಟ್ಟಿಯಲ್ಲಿ ಇರುವುದೇ ಸಾಕು ಎಂದಳು. ಕೊನೆಗೆ ಎಲ್ಲವೂ ಕ್ಲಬ್ಬಿನ ಶೆಡ್ಡಿಗೆ ಹೋಯಿತು, ಮಾರ್ವಾಳ ಸ್ನಾನದ ತೊಟ್ಟಿಯಲ್ಲಿದ್ದುದೂ ಸೇರಿ. ಓಪಲ್ ಆ ಸಂಜೆಯೇ ಗ್ಯಾರೇಜು ಗುಡಿಸಿ ತೊಳೆದು, ಕಾರು ಒಳಗೆ ನಿಲ್ಲಿಸಿದಳು. ಹಾರ್ಲನ್ನನ ಅದುರು ಬೋಗುಣಿಯನ್ನು ಮಾತ್ರ ಯಾರಿಗೂ ಕೊಡಲಿಲ್ಲ.

ಆರ್ವಿಲ್ಲನಿಗೆ ಕೊಟ್ಟ ಅಪ್ಪಣೆ ಬೇರೆ. ಭಾನುವಾರ ಬೆಳಿಗ್ಗೆ ಬರಬೇಕು, ಮುಂಬಾಗಿಲಿಗೆ ಬರಬೇಕು, ಗಂಟೆ ಒತ್ತಬೇಕು, ಕೈಯಲ್ಲಿ ಬಕೆಟ್ಟು ಇರಬಾರದು.

ಅವನು ಬಂದ. ಹೊಸ ಅಂಗಿಯ ಮಡಿಕೆಯ ಗುರುತು ಎದೆಯ ಮೇಲೆ ಹಾಗೆಯೇ ಇತ್ತು. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಜೇಬಿಗೆ, ಒಮ್ಮೆ ಬೆನ್ನಿಗೆ ಇಡುತ್ತಿದ್ದ. ಇಬ್ಬರೂ ಅವನ ಗಾಡಿಯಲ್ಲಿ ಮಾಜಿ ಸೈನಿಕರ ಲೀಜನ್ ಭವನಕ್ಕೆ ಹೋದರು. ಅಲ್ಲಿ ಭಾನುವಾರ ಬೆಳಿಗ್ಗೆ ಪ್ಯಾನ್‌ಕೇಕಿನ ಉಪಾಹಾರ. ಇಡೀ ಊರು ಉದ್ದ ಮೇಜುಗಳ ಮುಂದೆ ಕೂತಿತ್ತು, ಇವರು ಒಳಗೆ ಕಾಲಿಟ್ಟ ಕೂಡಲೇ ಇಡೀ ಊರು ತನ್ನ ತಟ್ಟೆಯನ್ನು ಬಹಳ ಗಮನವಿಟ್ಟು ನೋಡತೊಡಗಿತು. ವರ್ನಾ ಮಾತ್ರ ನೇರವಾಗಿ ಇವರನ್ನೇ ನೋಡುತ್ತ ಹಿಂದಿನ ಮೇಜಿಗೆ ಬಂದು ಕೂತಳು.

ಆರ್ವಿಲ್ ಮೊದಲ ಪ್ಯಾನ್‌ಕೇಕು ಮುಗಿಯುವ ತನಕ ಒಂದು ಮಾತೂ ಆಡಲಿಲ್ಲ. ಆಕ್ರೋಟಿನ ಚಿಪ್ಪು, ಜೋಳದ ದಿಂಡು ಬಿಟ್ಟರೆ ಹೆಂಗಸರ ಜತೆ ಏನು ಮಾತಾಡಬೇಕೆಂಬುದು ಅವನಿಗೆ ಮರೆತೇಹೋಗಿತ್ತು. ಓಪಲ್ ಕನಿಕರಪಟ್ಟು, ಮೀಟರು ಓದುವ ಕೆಲಸ ಹೇಗಿತ್ತು ಎಂದು ಕೇಳಿದಳು. ಅಷ್ಟು ಸಾಕಾಯಿತು. ಯಾರ ಮನೆಯ ಹಿತ್ತಲಲ್ಲಿ ಯಾವ ನಾಯಿ, ಯಾರು ಚಳಿಯಲ್ಲೂ ಗ್ಯಾಸು ಉಳಿಸಲು ಕೋಟು ಹಾಕಿಕೊಂಡು ಮಲಗುತ್ತಿದ್ದರು, ಯಾರ ಮೀಟರಿನ ಮೇಲೆ ಹಕ್ಕಿ ಗೂಡು ಕಟ್ಟಿದಾಗ ಮರಿಗಳು ಹಾರುವವರೆಗೆ ಅವನು ಅಂದಾಜಿನಲ್ಲೇ ಬರೆದುಕೊಂಡ, ಎಲ್ಲ ಒಂದೊಂದಾಗಿ ಹೊರಬಂತು. ಓಪಲ್ ಫೋರ್ಕು ಕೆಳಗಿಟ್ಟು ಕೇಳಿದಳು.

"ನಿಮ್ಮನೆ ಮೀಟರು ಅಡಿಗೆಮನೆ ಕಿಟಕಿ ಕೆಳಗಡೆ" ಎಂದ ಆರ್ವಿಲ್. "ನೀವು ರೇಡಿಯೋ ಜತೆ ಹಾಡ್ತಾ ಇರ್ತಿದ್ರಿ."

"ನಾನಾ? ನನಗೆ ಹಾಡೋಕೇ ಬರಲ್ಲ."

"ಬರಲ್ಲ" ಎಂದು ಆರ್ವಿಲ್ ಒಪ್ಪಿಕೊಂಡ. "ಎರಡನೇ ಸಾಲು ಬಂದಾಗೆಲ್ಲ ಮೊದಲನೇ ಸಾಲನ್ನೇ ಹಾಡ್ತಿದ್ರಿ. ಪ್ರತಿ ಸಲ. ನಾನು ಆವತ್ತಾದ್ರೂ ಸರಿಯಾಗಿ ಹಾಡ್ತಾರೇನೋ ಅಂತ ನಿಂತು ಕಾಯ್ತಿದ್ದೆ. ಆಫೀಸಿನಲ್ಲಿ, ಆ ಬೀದೀಲಿ ಯಾಕಯ್ಯ ಇಷ್ಟು ಹೊತ್ತು ಅಂತ ಕೇಳೋರು."

ಯಾವ ಹಾಡು ಅದು ಎಂದು ಓಪಲ್ ಕೇಳಿದಳು. ಆರ್ವಿಲ್ ಸುತ್ತಲೂ ನೋಡಿ, ಬಾಯಿ ಒರೆಸಿಕೊಂಡು, ಬಹಳ ಸಣ್ಣ ದನಿಯಲ್ಲಿ ಗುನುಗಿದ. ಅವನ ರಾಗವೂ ಅಷ್ಟಕ್ಕಷ್ಟೇ. ಓಪಲ್ಲಳಿಗೆ ಹಾಡು ನೆನಪಾಯಿತು. ಅದು ಹಾಗಲ್ಲ ಎಂದು ಕೈಯಾಡಿಸಿ, ಸರಿಯಾದ ಎರಡನೆಯ ಸಾಲನ್ನು ತಾನೇ ಹಾಡಿ ತೋರಿಸಿದಳು. ಹಾಡಿ ಮುಗಿಸಿದ ಮೇಲೆ ಗ್ಯಾಸಿನವನ ಮುಖ ನೋಡಿದಾಗ, ಮತ್ತೆ ಮೊದಲನೆಯ ಸಾಲನ್ನೇ ಹಾಡಿದ್ದೇನೆಂದು ಅವಳಿಗೆ ಗೊತ್ತಾಯಿತು.

"ಇನ್ನೊಂದು ಪ್ಯಾನ್‌ಕೇಕು ತರ್ಲಾ?" ಎಂದ ಆರ್ವಿಲ್.

"ಎರಡು ತಾ" ಎಂದಳು ಓಪಲ್.